ಒಂದು ಪೆಟ್ಟಿಗೆ, ಎರಡು ವೈರು

"ನಿನ್ನೆ ಎಷ್ಟು ಬೇಗ ಚಾರ್ಜ್ ಆಯ್ತು ಗೊತ್ತಾ ಮೇಷ್ಟ್ರೇ? ಇವತ್ತು ನೋಡಿ, ಬಸವನಹುಳು!"

ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವ ಆಕೆ ಚಾರ್ಜಿಂಗ್ ಸ್ಟೇಷನ್ನಿನಲ್ಲಿ ತನ್ನ ಕರೆಂಟು ಕಾರಿಗೆ ಒರಗಿ ನಿಂತಿದ್ದಳು. ಪಕ್ಕದ ಕಾರು ಮೇಷ್ಟ್ರದು. ಊರಿನ ಅರ್ಧ ಜನಕ್ಕೆ ಡ್ರೈವಿಂಗ್ ಕಲಿಸಿ ನಿವೃತ್ತರಾದವರು. ಹೆಂಡತಿ ಹೋದ ಮೇಲೆ ಅವರ ಪಕ್ಕದ ಸೀಟಿನಲ್ಲಿ ಯಾರೂ ಕೂತಿಲ್ಲ.

"ಬಿಸಿಲಿಗೆ ಬ್ಯಾಟರಿ ಕಾದಿರತ್ತೆ ಕಣಮ್ಮ. ಕಾದ್ರೆ ನಿಧಾನ."

"ಎಲ್ಲಿದೆ ಬಿಸಿಲು? ಬೆಳಗಿಂದ ಮೋಡ."

"ಹಾಗಾದ್ರೆ... ಥಂಡಿ. ಥಂಡಿಗೂ ಹಾಗೇ."

"ಈ ಬ್ಯಾಟರಿ ಥೇಟ್ ನಮ್ಮತ್ತೆ! ಬಿಸಿಲಾದ್ರೂ ಸಿಡಿಮಿಡಿ, ಥಂಡಿಯಾದ್ರೂ ಸಿಡಿಮಿಡಿ."

ಇಬ್ಬರೂ ನಕ್ಕರು. ದಿನವಿಡೀ ಮೇಷ್ಟ್ರು ಕಾದಿದ್ದು ಈ ನಗುವಿಗೇ. ಆಚೆ ಇನ್ನೂ ಮೂರು ಚಾರ್ಜಿಂಗ್ ಪೆಟ್ಟಿಗೆಗಳು ಖಾಲಿಯಿದ್ದವು. ಒಂದೊಂದು ಪೆಟ್ಟಿಗೆಗೂ ಎರಡು ವೈರು. ಎರಡಕ್ಕೂ ಕಾರು ಸಿಕ್ಕಿಸಿದರೆ ಕರೆಂಟು ಇಬ್ಭಾಗ, ಒಂದೇ ತಟ್ಟೆಗೆ ಇಬ್ಬರು ಕೈ ಹಾಕಿದ ಹಾಗೆ. ಅದು ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ದಿನಾ ಸಂಜೆ ಆಕೆ ಬರುವವರೆಗೆ ಮೂಲೆಯಲ್ಲಿ ಕಾದು, ಆಕೆಯ ಪೆಟ್ಟಿಗೆಗೇ ತಮ್ಮ ಕಾರನ್ನೂ ಸಿಕ್ಕಿಸುತ್ತಿದ್ದರು. ಬೇಗ ತುಂಬಿದರೆ ಬೇಗ ಹೊರಟುಬಿಡುತ್ತಾಳಲ್ಲ! ನಿನ್ನೆ ಹಲ್ಲಿನ ಡಾಕ್ಟರ ಬಳಿ ಹೋಗಿದ್ದರಿಂದ ತಪ್ಪಿತ್ತು, ಅಷ್ಟೇ.

"ನಿನ್ನೆ ಬೇಗ ಕರ್ಕೊಂಡು ಬರೋಕೆ ಹೋದ್ನಲ್ಲ, ನನ್ನ ಮಗಳು ಏನಂದ್ಳು ಕೇಳಿ. 'ಅಮ್ಮಾ, ಇವತ್ತು ಆಯಾ ಬೀಗ ಹಿಡ್ಕೊಂಡು ನಿಂತಿಲ್ಲ' ಅಂದ್ಳು. ದಿನಾ ಎಲ್ಲ ಮಕ್ಕಳೂ ಹೋದ ಮೇಲೆ ಶಿಶುವಿಹಾರದ ಮೆಟ್ಟಿಲ ಮೇಲೆ ಇವಳೊಬ್ಬಳೇ ಬ್ಯಾಗು ತಬ್ಕೊಂಡು ಕೂತಿರ್ತಾಳೆ. ಯಾವ ಕಾರು ಬಂದ್ರೂ ಎದ್ದು ನಿಲ್ತಾಳಂತೆ."

ಮೇಷ್ಟ್ರ ನಗು ಅಲ್ಲೇ ನಿಂತಿತು. ಯಾವ ಕಾರು ಬಂದರೂ ಎದ್ದು ನೋಡುವುದೆಂದರೇನು ಅಂತ ಅವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹೋಗಿ ತಮ್ಮ ವೈರು ಕಿತ್ತರು.

"ಅಯ್ಯೋ, ನಿಮ್ದಿನ್ನೂ ತುಂಬಿಲ್ವಲ್ಲ!"

"ನನ್ನಿಂದಾನೇ ನಿಂದು ನಿಧಾನ ಕಣಮ್ಮ. ಬಿಸಿಲೂ ಅಲ್ಲ, ಥಂಡೀನೂ ಅಲ್ಲ. ನಂಗೆ ಗೊತ್ತಿತ್ತು."

ಆಕೆ ಖಾಲಿ ಪೆಟ್ಟಿಗೆಗಳ ಕಡೆ ನೋಡಿದಳು. ಮತ್ತೆ ಅವರ ಮುಖ ನೋಡಿದಳು. ಬಯ್ಯಲಿಲ್ಲ.

"ಹೇಳ್ಬಾರದಿತ್ತಾ ಮೇಷ್ಟ್ರೇ..."

ಮೇಷ್ಟ್ರು ಕಾರನ್ನು ಆ ತುದಿಯ ಪೆಟ್ಟಿಗೆಗೆ ಒಯ್ದು ಸಿಕ್ಕಿಸಿ ಒಳಗೆ ಕೂತರು. ಪಾಲು ಕೇಳುವವರು ಯಾರೂ ಇಲ್ಲ; ಪರದೆಯ ಮೇಲೆ ಅಂಕೆ ಓಡತೊಡಗಿತು. ತುಸು ಹೊತ್ತಿಗೆ ಆಕೆಯ ಕಾರು ಗೇಟು ದಾಟುತ್ತಾ ಒಮ್ಮೆ ಹಾರ್ನ್ ಹೊಡೆಯಿತು. ಇವರು ಕೈ ಎತ್ತುವಷ್ಟರಲ್ಲಿ ತಿರುವಿನಲ್ಲಿ ಮರೆಯಾಯಿತು.

ಎತ್ತಿದ ಕೈಯಿಂದ ಮೇಷ್ಟ್ರು ಪಕ್ಕದ ಸೀಟಿನ ಧೂಳು ಒರೆಸಿದರು.