ಬೀಗರ ಸೀರೆಯ ಎಳೆ

ಎರಡನೇ ಮಹಾಯುದ್ಧ ಮುಗಿದ ವರ್ಷ, ಟಿಕೋಟಾದ ಬೀಗರು ತನ್ನ ಮೊಮ್ಮಗಳು ನೀಲಾಬಾಯಿಗೆ ಕೊಟ್ಟುಹೋದ ಲಗ್ನದ ಸೀರೆಯನ್ನು ವಿಜಾಪುರದ ಗುರುಸಿದ್ದವ್ವ ನಂಬಲಿಲ್ಲ.

"ಹುಳ ಹೆಣೆದ ಖರೇ ರೇಷ್ಮಿ ಸುಟ್ರ ಕೂದಲ ಸುಟ್ಟಾಂಗ ನಾರತೈತಿ. ನಕಲಿ ಅಂದ್ರ ಗಿರಣ್ಯಾಗ ಕಟ್ಟಿಗಿ ಕರಗಿಸಿ ಎಳೆದ ದಾರ, ಕಾಗದದಾಂಗ ಉರಿತೈತಿ. ನಕಲಿ ಆತಂದ್ರ ಈ ಲಗ್ನಾನ ಬ್ಯಾಡ!"

ಸೀರೆಯ ಅಂಚಿನಿಂದ ಒಂದು ಎಳೆ ಕಿತ್ತು, ಕಣ್ಣು ಮಂಜಾದ ಮುದುಕಿ ಚಿಮಣಿ ದೀಪದ ಮೇಲೆ ಬಾಗಿದಳು. ಎಳೆ ಕಾಗದದಂತೆ ಭಗ್ಗನೆ ಉರಿಯಿತು. ಅದನ್ನು ಕಂಡದ್ದು ನೀಲಾಬಾಯಿ ಮಾತ್ರ. ಅಷ್ಟರಲ್ಲಿ ಕೋಣೆಯೆಲ್ಲ ಕೂದಲು ಸುಟ್ಟ ವಾಸನೆ.

"ಖರೇ ರೇಷ್ಮಿನ ಐತಿ ಬಿಡವ್ವಾ! ಸುಮ್ಮನ ಸಂಶೇ ಪಟ್ಟೆ," ಎಂದಳು ಅಜ್ಜಿ.

ನೀಲಾಬಾಯಿ ಅಜ್ಜಿಯ ತಲೆಯ ಸೆರಗನ್ನು ಮೆಲ್ಲಗೆ ಮುಂದಕ್ಕೆಳೆದು, ಹಣೆಯ ಮೇಲೆ ಸುಟ್ಟು ಮುರುಟಿದ್ದ ಬಿಳಿಗೂದಲನ್ನು ಮುಚ್ಚಿದಳು.