ಹಳದಿ ಗಿಡಕ್ಕೆ ಅತ್ತೆಯ ಆರೈಕೆ

ಕಾಮಾಲೆಯಲ್ಲಿ ಮಗನನ್ನು ಕಳೆದುಕೊಂಡ ಮೇಲೆ ಅತ್ತೆಗೆ ಮನೆಯಲ್ಲಿ ಹಳದಿ ಎನ್ನುವುದೇ ಕಣ್ಣಿಗೆ ಬೀಳಬಾರದಾಯಿತು. ಹಳದಿ ಟವೆಲ್ಲನ್ನು ನೆಲ ಒರೆಸಲು ಹಾಕಿಕೊಂಡರು, ಆಮೇಲೆ ಅದನ್ನೂ ಎಸೆದರು. ಉಳಿದದ್ದು ಬಾಗಿಲ ಮುಂದೆ ಕುಂಡದಲ್ಲಿದ್ದ ಗಿಡ.

ಅದು ಥೂಜಾ. ಮೊಣಕಾಲಿಗಿಂತ ಕೊಂಚ ಎತ್ತರ, ಮೊಟ್ಟೆಯಂತೆ ದುಂಡಗೆ. ಎಲೆಗಳು ಪುಟ್ಟ ಪುಟ್ಟ ಬೀಸಣಿಗೆಗಳನ್ನು ಒತ್ತಾಗಿ ಜೋಡಿಸಿದ ಹಾಗೆ. ಯಾವ ಕಾಲದಲ್ಲೂ ಬೋಳಾಗದ ಜಾತಿ, ತುದಿಯೆಲ್ಲ ಬಂಗಾರದ ಬಣ್ಣ. ಮಗ ವೈರ್‌ಮನ್ ಆಗಿದ್ದ. ಒಂದು ನರ್ಸರಿಯ ಪಂಪು ರಿಪೇರಿ ಮಾಡಿ ಬರುವಾಗ ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ತಂದಿದ್ದ.

"ಕುಳ್ಳ ಜಾತಿಯಂತೆ. ಎಷ್ಟು ಹಾಕಿದ್ರೂ ಮೇಲೇಳಲ್ಲ. ತಗೋ ಅಮ್ಮ, ನಿನಗೆ ಇನ್ನೊಬ್ಬ ಮಗ," ಎಂದಿದ್ದ. ಅವನೂ ಕುಳ್ಳನೇ. ಹೆಂಡತಿಗೆ ಮಾತ್ರ, "ಬಿಸಿಲು ಬಿದ್ರೇನೇ ಈ ಬಣ್ಣ, ನೋಡ್ಕೋ," ಎಂದು ಹೇಳಿದ್ದ.

ಅವನು ಹೋದ ಮೇಲೆ ಅತ್ತೆ ತಟ್ಟೆಯ ಮುಂದೆ ಕೂರುತ್ತಿದ್ದರು, ಎರಡು ತುತ್ತು ಬಾಯಿಗಿಟ್ಟು ಏಳುತ್ತಿದ್ದರು. ಸೊಸೆ ಅಳಲಿಲ್ಲ. ಮನೆಯಲ್ಲೇ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಿದ್ದಳು. ಬೆಳಗಾದರೆ ಮಷೀನು ತುಳಿಯುವುದು, ಕಾಜಾ ಹಾಕುವುದು, ಗುಂಡಿ ಹೊಲಿಯುವುದು. ಸೂಜಿ ಚುಚ್ಚಿಕೊಂಡರೂ ಬಟ್ಟೆಗೆ ರಕ್ತ ತಾಗಿದ ಮೇಲೆಯೇ ಅವಳಿಗೆ ತಿಳಿಯುತ್ತಿತ್ತು.

ಒಂದು ದಿನ ಅತ್ತೆ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು ಎಲೆ ತಿರುವಿ ನೋಡಿದರು.

"ಇದಕ್ಕೂ ಅದೇ ಬಂದಿದೆ. ಅವನಿಗೂ ಮೊದಲು ಕಣ್ಣಿನ ತುದಿಯೇ ಹಳದಿಯಾಯ್ತು. ಬಿಸಿಲು ಆಗಲ್ಲ ಇದಕ್ಕೆ."

ಸೊಸೆ ಮಷೀನು ತುಳಿಯುತ್ತಲೇ ಇದ್ದಳು. ಅತ್ತೆಯೇ ಕುಂಡವನ್ನು ಎಳೆದೆಳೆದು ನೀರಿನ ಟ್ಯಾಂಕಿನ ಕೆಳಗೆ, ಎರಡು ಗೋಡೆಗಳ ಸಂದಿಗೆ ಸೇರಿಸಿದರು. ಅಕ್ಕಿ ತೊಳೆದ ನೀರು ಹಾಕಿದರು, ಬುಡದಲ್ಲಿ ತುಕ್ಕು ಹಿಡಿದ ಮೊಳೆ ಹೂತರು. ಕೂಸಿನ ಹಣೆ ಮುಟ್ಟಿದಂತೆ ದಿನಾ ಎಲೆ ಮುಟ್ಟಿ ನೋಡಿದರು. ತಿಂಗಳುಗಳು ಕಳೆದವು. ಬಂಗಾರ ಮಸುಕಾಯಿತು, ಆಮೇಲೆ ಗಿಡವೆಲ್ಲ ಹಸಿರಾಯಿತು.

"ನೋಡೇ, ಗುಣ ಆಗ್ತಿದೆ. ಡಾಕ್ಟ್ರ ಕೈಲಾಗದ್ದು ನನ್ನ ಕೈಲಾಯ್ತು."

ಆ ದಿನ ಅತ್ತೆ ತಟ್ಟೆ ಖಾಲಿ ಮಾಡಿದರು. ಮರುದಿನ ಇನ್ನೊಂದಿಷ್ಟು ಕೇಳಿ ಹಾಕಿಸಿಕೊಂಡರು. ಸೊಸೆ ಬಾಯಿಗೆ ಬೀಗ ಹಾಕಿಕೊಂಡು ಬಡಿಸಿದಳು.

ಆಮೇಲೊಂದು ದಿನ ಸೊಸೆ ಟ್ಯಾಂಕ್ ತೊಳೆಯಲು ಹೋದಾಗ ಗಿಡದ ಮೇಲೆ ಜೇಡರ ಬಲೆ ಕಂಡಿತು. ತೆಗೆಯಲೆಂದು ರೆಂಬೆ ಸರಿಸಿದಳು. ಹಸಿರೆಲ್ಲ ಮೇಲುಮೇಲಿನದು. ಒಳಗೆ ಕಂದು ಕಡ್ಡಿ, ಮುಟ್ಟಿದರೆ ಪುಡಿಯಾಗುವ ಎಲೆ. ಒಂದು ರೆಂಬೆ ಮುರಿದುಕೊಂಡು ನರ್ಸರಿಗೆ ನಡೆದಳು.

ನರ್ಸರಿಯವನು ಅದನ್ನು ನೋಡಿ ಮೂಗು ಮುರಿದ. "ಥೂಜಾನ ಕತ್ತಲಲ್ಲಿ ಕೂಡಿ ಹಾಕಿದ್ದೀರಾ? ಏನು ತಪ್ಪು ಮಾಡಿತ್ತು ಪಾಪ?"

"ಉಳಿಯುತ್ತಾ?"

"ಈಗ್ಲೇ ಈಚೆಗೆ ತಂದ್ರೆ ಉಳಿಯುತ್ತೆ. ಬೋಳಾದ ಕಡ್ಡಿ ಮತ್ತೆ ಚಿಗುರಲ್ಲ, ಇದೇನು ಗುಲಾಬಿ ಅಲ್ಲ. ಮೊದ್ಲು ಬೆಳಗಿನ ಬಿಸಿಲು ಮಾತ್ರ. ಒಮ್ಮೆಗೇ ಇಟ್ರೆ ಸುಟ್ಟುಹೋಗುತ್ತೆ."

"ಬಿಸಿಲಿಗಿಟ್ರೆ ಹಳದಿ ಆಗುತ್ತಲ್ಲ?"

"ಆಗ್ದಿದ್ರೆ ತನ್ನಿ, ನಾನೇ ಪೇಂಟ್ ಹೊಡೆದು ಕೊಡ್ತೀನಿ." ನಕ್ಕ. "ವೈರ್‌ಮನ್ ಮನೆಯವರಲ್ವಾ ನೀವು? ಪಂಪು ಮತ್ತೆ ಕೈ ಕೊಟ್ಟಿದೆ. ಒಂದ್ಸಲ ಬಂದುಹೋಗೋಕೆ ಹೇಳಿ."

"ಹೇಳ್ತೀನಿ," ಎಂದಳು.

ಮನೆಗೆ ಬಂದವಳೇ ಸಂದಿಯಿಂದ ಕುಂಡ ಎಳೆಯತೊಡಗಿದಳು. ಸದ್ದು ಕೇಳಿ ಅತ್ತೆ ಬಂದರು.

"ಎಲ್ಲಿಗೆ ಅದು?"

"ಬಿಸಿಲಿಗೆ."

"ಮತ್ತೆ ಹಳದಿಯಾಗುತ್ತೆ ಕಣೇ."

"ಆಗ್ಬೇಕು ಅತ್ತೆ. ಅದರ ಬಣ್ಣವೇ ಅದು. ಇದಕ್ಕೆ ಕಾಯಿಲೆ ಇರ್ಲೇ ಇಲ್ಲ."

ರೆಂಬೆ ಸರಿಸಿ ತೋರಿಸಿದಳು. ಅತ್ತೆ ಒಳಗೆ ಕೈಹಾಕಿದರು. ಬೆರಳಿಗೆ ಕಂದು ಪುಡಿ ಹತ್ತಿತು. ಸೆರಗಿಗೆ ಒರೆಸಿಕೊಂಡರು.

"ನಾನು ಮಾಡಿದ್ದಾ ಇದು?"

"ನೆರಳು ಮಾಡಿದ್ದು."

"ನೆರಳಿಗೆ ಎಳೆದದ್ದು ಯಾರು?"

ಸೊಸೆ ಕುಂಡದ ಅಂಚು ಹಿಡಿದು ಬಗ್ಗಿಯೇ ಇದ್ದಳು. "ನಂಗೆ ಗೊತ್ತಿತ್ತು ಅತ್ತೆ. ನೀವು ಊಟ ಮಾಡ್ತಿದ್ರಲ್ಲ, ಅದಕ್ಕೇ ಸುಮ್ಮನಿದ್ದೆ."

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ಕುಂಡದ ಇನ್ನೊಂದು ಬದಿ ಹಿಡಿದರು. ಇಬ್ಬರೂ ಸೇರಿ ಅದನ್ನು ಮುಂದಿನ ಕಿಟಕಿಯ ಎದುರಿಗೆ, ಬೆಳಗಿನ ಬಿಸಿಲು ಬೀಳುವಲ್ಲಿ ತಂದಿಟ್ಟರು.

"ಯಾವಾಗ ಹಳದಿಯಾಗುತ್ತೆ?"

"ಹೊಸ ಚಿಗುರು ಬಂದಾಗ."

"ಹಾಗಾದ್ರೆ ನನ್ನ ಮಂಚ ಹಿಂದಿನ ಕೋಣೆಗೆ ಹಾಕು. ದಿನಾ ಎದ್ದ ಕೂಡಲೇ ಈ ಕಿಟಕಿಯಿಂದ ಇದೇ ಕಾಣೋದು."

ಮಂಚ ಬಾಗಿಲಲ್ಲಿ ಸಿಕ್ಕಿಕೊಂಡಿತು. ಪಕ್ಕಕ್ಕೆ ವಾಲಿಸಿ, ಒಂದೊಂದೇ ಕಾಲು ದಾಟಿಸಿದರು. "ಬೆರಳು ಜೋಪಾನ," ಎಂದರು ಅತ್ತೆ.

ಸಂಜೆ ಅತ್ತೆ ಅರ್ಧ ಊಟ ಮಾಡಿ ಎದ್ದರು. ಸೊಸೆ ಒತ್ತಾಯ ಮಾಡಲಿಲ್ಲ. ಉಳಿದದ್ದನ್ನು ತನ್ನ ತಟ್ಟೆಗೆ ಬಗ್ಗಿಸಿಕೊಂಡು, ತಿಂದು, ಎರಡೂ ತಟ್ಟೆ ತೊಳೆದಿಟ್ಟಳು.