ಬೆಳಗಿನ ಚಳಿಗೆ ನಡುಗುವ ಜೀಪು

ಪಿರಿಯಾಪಟ್ಟಣದಲ್ಲಿ ಹುಣಸೂರು ರಸ್ತೆಗೆ ಮುಖ ಮಾಡಿ ಗ್ಯಾರೇಜು ಇಟ್ಟಿದ್ದ ಷಣ್ಮುಖಪ್ಪ ಮೇಸ್ತ್ರಿಗೆ ಒಂದು ಹೆಮ್ಮೆಯಿತ್ತು. ಎಂಥ ಗಾಡಿಯೇ ಬರಲಿ, ಬಾನೆಟ್ಟು ಎತ್ತುವ ಮೊದಲೇ ಅದರ ಕಾಯಿಲೆ ಹೇಳಿಬಿಡುತ್ತಿದ್ದ. ಹತ್ತರಲ್ಲಿ ಒಂಬತ್ತು ಸಲ ಅದು ನಿಜವೂ ಆಗುತ್ತಿತ್ತು. ಉಳಿದ ಒಂದರ ಬಗ್ಗೆ ಯಾರೂ ಕೇಳುತ್ತಿರಲಿಲ್ಲ, ಅವನೂ ಬಾಯಿ ಬಿಡುತ್ತಿರಲಿಲ್ಲ.

ಅರವತ್ತೆಂಟನೇ ಇಸವಿಯ ಚಳಿಗಾಲದಲ್ಲಿ ರಾವಂದೂರಿನ ಬಸವರಾಜು ಗೌಡರ ಪೆಟ್ರೋಲ್ ಜೀಪು ಗ್ಯಾರೇಜಿನ ಮುಂದೆ ಬಂದು ನಿಂತಿತು. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಚಳಿಜ್ವರ ಬಂದವರ ಹಾಗೆ ಗಡಗಡ ನಡುಗುತ್ತಿತ್ತು, ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೆ ನಿಂತೇ ಹೋಗುತ್ತಿತ್ತು. ಹತ್ತು ನಿಮಿಷ ಓಡಿ ಬಿಸಿಯಾಯಿತೋ, ಏನೂ ಆಗಿಯೇ ಇಲ್ಲವೆಂಬಂತೆ ತೆಪ್ಪಗಾಗುತ್ತಿತ್ತು. ಇಂಥ ಕಳ್ಳ ಕಾಯಿಲೆ ಯಾವ ಮೇಸ್ತ್ರಿಗೂ ಬೇಡ.

ಷಣ್ಮುಖಪ್ಪ ಪ್ಲಗ್ಗುಗಳನ್ನು ಬಿಚ್ಚಿ ತಟ್ಟೆಯಲ್ಲಿದ್ದ ಸೀಮೆಎಣ್ಣೆಯಲ್ಲಿ ಉಜ್ಜಿ ತೊಳೆದ. ಪಾಯಿಂಟು ನೋಡಿದ, ಚೋಕ್ ಎಳೆದು ನೋಡಿದ. ಎಲ್ಲವೂ ಸರಿಯಿತ್ತು. ಗೌಡರ ಜೊತೆ ನಾಲ್ಕಾರು ಜನ ಸುತ್ತ ನಿಂತು ಮೇಸ್ತ್ರಿಯ ಬಾಯಿಂದ ಏನು ಬರುತ್ತದೋ ಎಂದು ಕಾಯುತ್ತಿದ್ದರು. ಆಗ ಜೀಪಿನ ಡ್ರೈವರ್ ಚಿಕ್ಕಮಾದ ಮೆಲ್ಲಗೆ ಹೇಳಿದ:

"ದಸ್ರಾದಾಗೆ ನೀವು ಕಾರ್ಬೊರೇಟರ್ ಬಿಚ್ಚಿ ಆಕುದ್ರಲ್ಲ ಮೇಸ್ತ್ರಿ, ಅಲ್ಲಿಂದ್ಲೇ ಇಂಗಾಗಿರಾದು."

ಚಿಕ್ಕಮಾದ ಕಾಡಂಚಿನ ಗಿರಿಜನರ ಹಾಡಿಯವನು. ಮರ ಸಾಗಿಸುವ ಲಾರಿಯಲ್ಲಿ ಕ್ಲೀನರ್ ಆಗಿ ಕೆಲಸ ಕಲಿತು ಲೈಸೆನ್ಸ್ ಮಾಡಿಸಿಕೊಂಡಿದ್ದ. ಅವನ ಹಾಡಿಯಲ್ಲಿ ಅದೇ ಮೊದಲ ಲೈಸೆನ್ಸು. ಅವನು ಹೇಳಿದ್ದರಲ್ಲಿ ದೂರು ಇರಲಿಲ್ಲ, ಕಂಡದ್ದನ್ನು ಹೇಳಿದ್ದ ಅಷ್ಟೇ. ಆದರೆ ಷಣ್ಮುಖಪ್ಪನಿಗೆ ನಾಲ್ಕು ಜನರ ಮುಂದೆ ಮುಖಕ್ಕೆ ಹೊಡೆದಂತಾಯಿತು. ಪೆಟ್ರೋಲ್ ಪೈಪ್ ಬಿಚ್ಚಿ ಅಂಗೈಗೆ ಒಂದಿಷ್ಟು ಸುರಿದುಕೊಂಡು ಮೂಸಿದ.

"ಸೀಮೆಣ್ಣೆ ಬೆರ್ತದೆ ಗೌಡ್ರೇ. ಪೆಟ್ರೋಲ್ ಇಳಿಸ್ಕೊಂಡು ಇದ ಉಯ್ದವ್ನೆ ನಿಮ್ಮ ಡ್ರೈವರು. ಬೆಳಿಗ್ಗೆ ಇಂಜಿನ್ ನಡುಗ್ದೆ ಇನ್ನೇನ್ ಮಾಡೀತು?"

ಗೌಡರೂ ಆ ಅಂಗೈ ಮೂಸಿ ನೋಡಿದರು. ವಾಸನೆ ನಿಜವೇ ಆಗಿತ್ತು. "ನಾನು ಮುಟ್ಟಿಲ್ಲ ಬುದ್ದಿ" ಎಂದು ಚಿಕ್ಕಮಾದ ಎರಡು ಸಲ ಹೇಳಿದ. ಮೂರನೆಯ ಸಲ ಹೇಳುವ ಹೊತ್ತಿಗೆ ಗೌಡರು ಬೀಗದ ಕೈ ಕಿತ್ತುಕೊಂಡಿದ್ದರು. ಪೆಟ್ರೋಲ್ ಕಳ್ಳ ಎಂಬ ಮಾತು ಸಂಜೆಯೊಳಗೆ ಬಸ್‌ಸ್ಟ್ಯಾಂಡ್ ಮುಟ್ಟಿತು. ಆಮೇಲೆ ಸುತ್ತಮುತ್ತ ಯಾರೂ ಅವನಿಗೆ ಸ್ಟಿಯರಿಂಗ್ ಕೊಡಲಿಲ್ಲ. ಅವನು ಹೆಂಡತಿ ಬೆಳ್ಳಮ್ಮನನ್ನು ಕಟ್ಟಿಕೊಂಡು ಕೊಡಗಿನ ಕಾಫಿ ತೋಟಕ್ಕೆ ಕಳೆ ಕೀಳಲು ಹೋದ.

ಪುಷ್ಯ ಮಾಸದಲ್ಲಿ ಒಂದು ಬೆಳಿಗ್ಗೆ ಜೀಪು ಮತ್ತೆ ಬಂತು. ಡ್ರೈವರು ಹೊಸಬ, ದಾಸಯ್ಯ ಅಂತ. ನಡುಕ ಮಾತ್ರ ಹಳೆಯದೇ. ದಾಸಯ್ಯ ಟೀ ಕುಡಿಯಲು ಹೋದಾಗ ಷಣ್ಮುಖಪ್ಪ, ಹಿಂದೆಯೇ ಮಾಡಬೇಕಿದ್ದ ಕೆಲಸವನ್ನು ಆಗ ಮಾಡಿದ. ಇಂಜಿನ್ ನಡುಗುತ್ತಿರುವಾಗಲೇ ಕಾರ್ಬೊರೇಟರಿನ ಬುಡದ ಸುತ್ತ ನಾಲ್ಕು ಹನಿ ಎಣ್ಣೆ ಬಿಟ್ಟ. ಎಣ್ಣೆ ಸರ್ರನೆ ಒಳಗೆ ಹೋಯಿತು, ಇಂಜಿನ್ ಒಂದು ಗಳಿಗೆ ಹದಕ್ಕೆ ಬಂತು. ಅಲ್ಲಿಂದ ಗಾಳಿ ಎಳೆಯುತ್ತಿತ್ತು.

ಬಿಚ್ಚಿದರೆ, ಬುಡದ ಸಂದು ಮುಚ್ಚಲು ಅವನೇ ದಸರೆಯಲ್ಲಿ ಕತ್ತರಿಸಿ ಕೂರಿಸಿದ್ದ ರಟ್ಟಿನ ಗ್ಯಾಸ್ಕೆಟ್. ಅಸಲಿ ಮಾಲು ಮೈಸೂರಿನಲ್ಲೂ ಸಿಗದಿದ್ದಾಗ, ದಪ್ಪ ಇದೆಯಲ್ಲ ಎಂದು ಮಗಳ ಮದುವೆಯ ಲಗ್ನಪತ್ರಿಕೆಯನ್ನೇ ಕತ್ತರಿಸಿ ಹಾಕಿದ್ದ. ಅದು ಒಂದು ಕಡೆ ಒಣಗಿ ಬಿರಿದಿತ್ತು. ತಣ್ಣಗಿದ್ದಾಗ ಆ ಬಿರುಕಿನಿಂದ ಗಾಳಿ ನುಗ್ಗುತ್ತಿತ್ತು, ಕಬ್ಬಿಣ ಕಾದು ಹಿಗ್ಗಿದಾಗ ಬಿರುಕು ಮುಚ್ಚಿಕೊಳ್ಳುತ್ತಿತ್ತು. ರಟ್ಟಿನ ಮೇಲೆ 'ಷಣ್ಮು' ಎಂಬಷ್ಟು ಅಕ್ಷರ ಇನ್ನೂ ಉಳಿದಿತ್ತು.

ಮತ್ತೆ ಆ ಸೀಮೆಎಣ್ಣೆ? ಅವನು ದಾಸಯ್ಯನ ಪೆಟ್ರೋಲನ್ನೂ ಅಂಗೈಗೆ ಸುರಿದು ಮೂಸಿದ. ಅದೇ ವಾಸನೆ. ಅವನು ತನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡ. ಮೊಣಕೈವರೆಗೆ ಸೋಪು ಹಚ್ಚಿ ತೊಳೆದು ಬಂದು ಇನ್ನೊಮ್ಮೆ ಸುರಿದ. ಈ ಸಲ ಬರೀ ಪೆಟ್ರೋಲ್. ದಿನವಿಡೀ ಸೀಮೆಎಣ್ಣೆಯಲ್ಲಿ ಅದ್ದುವ ತನ್ನ ಕೈಯನ್ನೇ ಮೂಸಿ ಅವನು ಒಬ್ಬನ ಅನ್ನ ಕಿತ್ತಿದ್ದ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಚಿಕ್ಕಮಾದ ಶಿವರಾತ್ರಿಗೆ ಊರಿಗೆ ಬಂದಿದ್ದಾನೆಂದು ತಿಳಿದು ಷಣ್ಮುಖಪ್ಪ ಸೈಕಲ್ ತುಳಿದುಕೊಂಡು ಹಾಡಿಗೆ ಹೋದ. ಬೆಳ್ಳಮ್ಮ ನೀರು ಮಾತ್ರ ತಂದಿಟ್ಟಳು.

"ತಪ್ಪು ನಂದೇ ಕಣಪ್ಪ ಚಿಕ್ಕಮಾದ. ಗ್ಯಾಸ್ಕೆಟ್ಟೂ ನಂದೇ, ಸೀಮೆಣ್ಣೆ ವಾಸ್ನೇನೂ ನನ್ನ ಕೈದೇ" ಎಂದ. ಹೇಳಿ ಮುಗಿಸಿದಾಗ ಮನಸ್ಸು ಎಷ್ಟೋ ಹಗುರಾಯಿತು.

ಚಿಕ್ಕಮಾದ ನೀರಿನ ಚೊಂಬನ್ನು ಅವನತ್ತ ಸರಿಸಿದ. "ನಂಗೆ ಯೋಳಿ ಏನ್ ಬಂತು ಮೇಸ್ತ್ರಿ? ನಾನು ಕದ್ದಿಲ್ಲ ಅಂತ ನಂಗೆ ಮೊದ್ಲೇ ಗೊತ್ತಲ್ಲ. ಸಂತೆ ದಿನ ಬತ್ತೀನಿ. ನಿಮ್ಮ ಅಂಗ್ಡಿ ಮುಂದೆ, ಗೌಡ್ರು ಇರೋವಾಗ ಯೋಳಿ."

"ಯೋಳ್ತೀನಿ" ಎಂದು ಷಣ್ಮುಖಪ್ಪ ಮಾತು ಕೊಟ್ಟ. ಕೊಡುವಾಗ ಮನಸ್ಸಿನಲ್ಲಿ ಕಪಟವೇನೂ ಇರಲಿಲ್ಲ.

ಸಂತೆಯ ದಿನ ಚಿಕ್ಕಮಾದ ಒಗೆದ ಅಂಗಿ ತೊಟ್ಟು, ಜೇಬಿನಲ್ಲಿ ಲೈಸೆನ್ಸ್ ಇಟ್ಟುಕೊಂಡು ಬಂದು ಗ್ಯಾರೇಜಿನ ಬಾಗಿಲ ಬಳಿ ನಿಂತ. ಗೌಡರು ಬೆಂಚಿನ ಮೇಲಿದ್ದರು. ಪಕ್ಕದಲ್ಲಿ ಕೆ.ಆರ್. ನಗರದಿಂದ ಹೊಸದಾಗಿ ಗಿರಾಕಿಯಾಗಿ ಬಂದಿದ್ದ ಲಾರಿ ಮಾಲೀಕ ನಂಜಣ್ಣ, ಇನ್ನೂ ಐದಾರು ಜನ. ಷಣ್ಮುಖಪ್ಪ ಗೌಡರ ಮುಂದೆ ಬಂದು ನಿಂತ.

"ಗೌಡ್ರೇ, ನಿಮ್ಮ ಜೀಪಿನ ನಡುಕ... ಅದು ಗ್ಯಾಸ್ಕೆಟ್ ಹೋಗಿತ್ತು."

"ಮತ್ತೆ ಸೀಮೆಣ್ಣೆ? ನಾನೇ ಮೂಸಿದ್ನಲ್ಲ?"

ಎಲ್ಲರೂ ಅವನ ಮುಖ ನೋಡಿದರು. ಹೇಳಬೇಕಾದದ್ದು ಒಂದೇ ಮಾತು. ಅದು ನಾಲಿಗೆಯ ತುದಿಗೆ ಬಂತು. ನಂಜಣ್ಣ ಟೀ ಲೋಟ ಕೆಳಗಿಟ್ಟು ಅವನನ್ನೇ ನೋಡುತ್ತಿದ್ದ.

"ಹಳೇದು ಈಗ್ಯಾಕೆ ಬುಡಿ ಗೌಡ್ರೇ" ಎಂದುಬಿಟ್ಟ ಷಣ್ಮುಖಪ್ಪ. "ಬಡವ, ಮತ್ತೆ ಕೆಲ್ಸಕ್ಕೆ ಇಟ್ಕಳಿ."

ಚಿಕ್ಕಮಾದ ಜೇಬಿನ ಮೇಲಿಟ್ಟಿದ್ದ ಕೈ ಕೆಳಗಿಳಿಸಿ, ಸಂತೆಯ ಜನರ ನಡುವೆ ನಡೆದುಹೋದ. ಗೌಡರು ಅವನು ಹೋದತ್ತ ನೋಡಿ ತಲೆಯಾಡಿಸಿದರು.

"ನಿಂದು ದೊಡ್ಡ ಮನ್ಸು ಕಣಯ್ಯ ಮೇಸ್ತ್ರಿ. ಕಳ್ಳನ್ನೂ ನಾಕು ಜನದ ಮುಂದೆ ಬುಟ್ಕೊಡ್ಲಿಲ್ವಲ್ಲ."

ಷಣ್ಮುಖಪ್ಪ ಅಲ್ಲ ಅನ್ನಲಿಲ್ಲ.